ರಸ್ತೆ ಬಂತು, ದ್ವೀಪ ದೂರವಾಯಿತು

1665ರ ಫೆಬ್ರವರಿ. ಹಡಗುಗಳಲ್ಲಿ ಬಂದು ಬಸರೂರನ್ನು ಸೂರೆ ಮಾಡಿದ ಶಿವಾಜಿ ಹಿಂದಿರುಗುವಾಗ ಗೋಕರ್ಣದಲ್ಲಿ ಇಳಿದು ಸಮುದ್ರಸ್ನಾನ ಮುಗಿಸಿದ. ಅಲ್ಲಿಂದ ನಾಲ್ಕು ಸಾವಿರ ಕಾಲಾಳುಗಳೊಂದಿಗೆ ಅಂಕೋಲೆಗೆ ಬಂದ. ಮುಂದೆ ಕಾರವಾರದವರೆಗೆ ನೆಲದ ದಾರಿ. ಹಡಗುಪಡೆಯ ದೊಡ್ಡ ಭಾಗವನ್ನು ಊರಿಗೆ ಕಳಿಸಿದವನು ಹನ್ನೆರಡು ಹಡಗುಗಳನ್ನು ಮಾತ್ರ ಜೊತೆಗಿಟ್ಟುಕೊಂಡ. ಮರಳುವ ದಾರಿಯಲ್ಲಿ ಸೈನ್ಯವನ್ನು ನದಿ ದಾಟಿಸಬೇಕಿತ್ತಲ್ಲ, ಅದಕ್ಕೆ. ಕಾರವಾರದ ಇಂಗ್ಲಿಷ್ ಕೋಠಿಯವರು ಆಗ ತಮ್ಮ ಪಾಲಿಗೆ ಬಂದ 112 ಪೌಂಡ್ ಕಾಣಿಕೆ ತೆತ್ತು ಪಾರಾದರು. ಈ ಎಲ್ಲ ವಿವರ ಇಂದಿಗೂ ಸಿಗುವುದು ಅವರ ಪತ್ರಗಳ ದೆಸೆಯಿಂದಲೇ.

ಆ ಹನ್ನೆರಡು ಹಡಗುಗಳ ಲೆಕ್ಕಾಚಾರದಲ್ಲಿ ಈ ಕರಾವಳಿಯ ಪ್ರಯಾಣದ ಗುಟ್ಟೆಲ್ಲ ಇದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ: ಘಟ್ಟದಿಂದ ಇಳಿದ ಒಂದೊಂದು ನದಿಯೂ ಸಮುದ್ರ ಸೇರುವ ಮುನ್ನ ಅಗಲವಾಗಿ ಹರಡಿ, ಕರಾವಳಿಯನ್ನು ತುಂಡು ತುಂಡು ಮಾಡಿದೆ. ಅಂಕೋಲೆಯಿಂದ ಕುಮಟೆಗೆ ಹೋಗುವವರಿಗೆ ಗಂಗಾವಳಿ ಅಡ್ಡ, ಕಾರವಾರದಿಂದ ಗೋವೆಯ ಕಡೆಗೆ ಹೊರಟವರಿಗೆ ಕಾಳಿ ಅಡ್ಡ. ದೋಣಿ ಹತ್ತದೆ ನೆಂಟರ ಮನೆಗೆ ಹೋಗುವಂತಿರಲಿಲ್ಲ, ಮದುವೆ ದಿಬ್ಬಣ ಹೊರಡುವಂತಿರಲಿಲ್ಲ. ಹೀಗಾಗಿ ಇಲ್ಲಿಯ ಜನರಿಗೆ ಎದುರಿನ ಸಮುದ್ರದಲ್ಲಿ ಕಾಣುವ ದ್ವೀಪಗಳು ಪರಸ್ಥಳವೆನಿಸುತ್ತಿರಲಿಲ್ಲ. ಅವರ ಪಾಲಿಗೆ ಅಲ್ಲಿಗೆ ಹೋಗುವುದು ದೋಣಿಯಲ್ಲಿ ದಾಟುವ ಇನ್ನೊಂದು ತಾರಿ, ಸ್ವಲ್ಪ ಉದ್ದದ್ದು, ಅಷ್ಟೇ.

ಕಾರವಾರದ ಎದುರಿಗೆ ಕೂರ್ಮಗಡ, ದೇವಗಡ, ಮದಲಿಂಗಗಡ. ಬಿಣಗಾ ಗುಡ್ಡದ ಆಚೆ ಅಂಜುದೀವ. ದಕ್ಷಿಣಕ್ಕೆ ಹೋದರೆ ಹೊನ್ನಾವರದ ಹತ್ತಿರ ಬಸವರಾಜ ದುರ್ಗ, ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ಒಳಗೆ ನೇತ್ರಾಣಿ. ನೂರೈವತ್ತು ವರ್ಷಗಳ ಹಿಂದೆ ಈ ದ್ವೀಪಗಳಿಗೆ ಹೋಗುವುದು ಕಷ್ಟವಾಗಿತ್ತು, ಈಗ ಸುಲಭವಾಗಿದೆ ಎಂದು ಯಾರಾದರೂ ಊಹಿಸಬಹುದು. ನಡೆದದ್ದು ಬೇರೆ. ಸೇತುವೆ, ಹೆದ್ದಾರಿ, ರೈಲು ಒಂದೊಂದಾಗಿ ಬಂದಂತೆಲ್ಲ ಜನರ ಬೆನ್ನು ಸಮುದ್ರದ ಕಡೆ ತಿರುಗಿತು, ದ್ವೀಪಗಳು ದೂರ ಸರಿದವು. ಅವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ದೂರವಾದದ್ದು, ಒಂದು ಕಾಲಕ್ಕೆ ಜಗತ್ತೇ ಬಂದು ತಂಗುತ್ತಿದ್ದ ಅಂಜುದೀವ.

ಒಂದೂವರೆ ಚದರ ಕಿಲೋಮೀಟರಿನಷ್ಟು ನೆಲ. ಆದರೆ ಅಲ್ಲಿ ಸಿಹಿನೀರಿನ ಊಟೆಗಳಿದ್ದವು, ಗಾಳಿಗೆ ಮರೆಯಿತ್ತು. ದೂರದ ಹಡಗಿಗೆ ಈ ಎರಡು ಸಿಕ್ಕರೆ ಸಾಕಿತ್ತು. 1342ರ ಸುಮಾರಿಗೆ ಮೊರೊಕ್ಕೊದ ಇಬ್ನ್ ಬತೂತ ಗೋವೆಯಿಂದ ಹೊನ್ನಾವರಕ್ಕೆ ಹೋಗುವ ದಾರಿಯಲ್ಲಿ, ದಡಕ್ಕೆ ಹತ್ತಿರದ ಒಂದು ಸಣ್ಣ ದ್ವೀಪದಲ್ಲಿ ಇಳಿದ. ಅಲ್ಲಿ ಗುಡಿಯಿತ್ತು, ತೋಟವಿತ್ತು, ನೀರಿನ ಕೆರೆಯಿತ್ತು. ಅದು ಅಂಜುದೀವವೇ ಎಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಗುಡಿಯ ಗೋಡೆಗೆ ಒರಗಿ, ಎರಡು ವಿಗ್ರಹಗಳ ನಡುವೆ ಒಬ್ಬ ಜೋಗಿ ಕುಳಿತಿದ್ದ. ಮಾತಾಡಿಸಿದರೆ ಮಾತಿಲ್ಲ, ದುಡ್ಡು ಕೊಟ್ಟರೆ ಬೇಡ, ಅನ್ನ ಕೊಟ್ಟರೂ ಬೇಡ. ಅವನ ಎದುರಿಗೆ ಒಂಟೆಯ ಕೂದಲಿನ ಒಂದು ನಿಲುವಂಗಿ ಬಿದ್ದಿತ್ತು. ಬತೂತ ಅದನ್ನು ಕೈಯಲ್ಲಿ ಹಿಡಿದು ನೋಡಿದಾಗ ಜೋಗಿ ಅದನ್ನು ಅವನಿಗೇ ಕೊಟ್ಟುಬಿಟ್ಟ. ಬತೂತನ ಕೈಯಲ್ಲಿದ್ದ ಜಪಮಾಲೆ ಜೋಗಿಯ ಕೈ ಸೇರಿತು. ಅವನು ಅದನ್ನು ಮೂಸಿ, ಮುತ್ತಿಟ್ಟು, ಮೊದಲು ಆಕಾಶವನ್ನೂ ಆಮೇಲೆ ಮೆಕ್ಕೆಯ ದಿಕ್ಕನ್ನೂ ತೋರಿಸಿದ. ಇದು ಬತೂತನೇ ಹೇಳಿಕೊಂಡ ಕಥೆ. ಏಳು ಶತಮಾನಗಳ ಹಿಂದೆ, ಹಡಗಿನಿಂದ ಇಳಿದ ಪರದೇಶಿಗೂ ಗುಡಿಯ ಜೋಗಿಗೂ ನಡುವೆ ನಡೆದ ಈ ಮಾತಿಲ್ಲದ ಕೊಡುಕೊಳು ಈ ಕರಾವಳಿಯ ಪ್ರವಾಸಕಥನಗಳಲ್ಲೆಲ್ಲ ಅತಿ ಸುಂದರವಾದದ್ದು.

ನೂರೈವತ್ತು ವರ್ಷಗಳ ಮೇಲೆ ಅದೇ ಊಟೆಗಳನ್ನು ಹುಡುಕಿಕೊಂಡು ವಾಸ್ಕೊ ಡ ಗಾಮ ಬಂದ. 1498ರ ಸೆಪ್ಟೆಂಬರ್ ಕೊನೆ. ಕಲ್ಲಿಕೋಟೆಯಿಂದ ಊರಿಗೆ ಮರಳುವ ಮೊದಲು ಹಡಗನ್ನು ದಡಕ್ಕೆ ಎಳೆದು, ತಳ ಕೆರೆದು, ಸಂದು ಮುಚ್ಚಬೇಕಿತ್ತು. ಆಗ ಗೋವೆಯ ದೊರೆಯ ಕಡೆಯವನೊಬ್ಬ ಸ್ನೇಹಿತನಂತೆ ಬಂದು ಮಾತಿಗಿಳಿದ. ಅನುಮಾನಗೊಂಡ ಪೋರ್ಚುಗೀಸರು ಅವನನ್ನು ಹಿಡಿದು ಹಿಂಸಿಸಿ ಬಾಯಿಬಿಡಿಸಿದರು. ಅವನು ಯೂರೋಪಿನ ಮೂಲದ ಯೆಹೂದಿ. ಅವನನ್ನು ಪೋರ್ಚುಗಲ್ಲಿಗೆ ಒಯ್ದು ಕ್ರೈಸ್ತನನ್ನಾಗಿ ಮಾಡಿ ಗ್ಯಾಸ್ಪರ್ ಡ ಗಾಮ ಎಂದು ಹೆಸರಿಟ್ಟರು. ಮುಂದೆ ಅವನೇ ಅವರ ಹಡಗುಗಳಿಗೆ ದುಭಾಷಿಯಾದ. 1505ರಲ್ಲಿ ಮೊದಲ ವೈಸರಾಯ್ ಅಲ್ಮೇಡ ಇಲ್ಲಿ ಕೋಟೆ ಕಟ್ಟಲು ಕೈಹಚ್ಚಿದ. ಊಟೆಗಳ ಮಾತೆಯ ಹೆಸರಿನ ಇಗರ್ಜಿ ಎದ್ದದ್ದೂ ಆಗಲೇ. ಕೋಟೆಯನ್ನು ಮರುವರ್ಷವೇ ಕೆಡವಿ ಹೊರಟರು.

ಅಂಜುದೀವದ ಅತಿ ದಾರುಣ ಅಧ್ಯಾಯ ಇಂಗ್ಲಿಷರದ್ದು. ಮುಂಬಯಿ ದ್ವೀಪ ಪೋರ್ಚುಗೀಸರಿಂದ ವರದಕ್ಷಿಣೆಯ ಪಾಲಾಗಿ ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸನಿಗೆ ಬಂದಿತ್ತು. ಅದನ್ನು ವಶಕ್ಕೆ ತೆಗೆದುಕೊಳ್ಳಲು 1662ರಲ್ಲಿ ಸರ್ ಅಬ್ರಹಾಂ ಶಿಪ್‌ಮನ್ ನಾಲ್ಕೈದು ನೂರು ಸೈನಿಕರೊಂದಿಗೆ ಬಂದ. ಪೋರ್ಚುಗೀಸ್ ಅಧಿಕಾರಿಗಳು ತಕರಾರು ತೆಗೆದು ಒಳಗೆ ಬಿಡಲಿಲ್ಲ. ಎಲ್ಲಿ ಇಳಿಯುವುದು? ಯಾರದೂ ಅಲ್ಲದಂತಿದ್ದ ಅಂಜುದೀವದಲ್ಲಿ ಇಳಿದರು. ಮಳೆ, ಜ್ವರ, ಕೆಟ್ಟ ಆಹಾರ. ಒಂದು ಮಳೆಗಾಲವಲ್ಲ, ಎರಡು ಮಳೆಗಾಲ ಅಲ್ಲೇ ಕಳೆಯಬೇಕಾಯಿತು. 1664ರಲ್ಲಿ ಶಿಪ್‌ಮನ್ ಸತ್ತ. 1665ರ ಫೆಬ್ರವರಿಯಲ್ಲಿ ಅವನ ಕಾರ್ಯದರ್ಶಿ ಹಂಫ್ರಿ ಕುಕ್ ಕೊನೆಗೂ ಮುಂಬಯಿಯನ್ನು ವಶಕ್ಕೆ ಪಡೆದಾಗ ಜೊತೆಗೆ ಉಳಿದಿದ್ದವರು ಸುಮಾರು ನೂರು ಮಂದಿ. ಶಿವಾಜಿ ಅಂಕೋಲೆ ದಾರಿಯಲ್ಲಿ ನಡೆದುಬಂದದ್ದು ಅದೇ ತಿಂಗಳು. ದೇಶದ ದೊಡ್ಡ ನಗರವೊಂದರ ಇಂಗ್ಲಿಷ್ ಆಳ್ವಿಕೆಯ ಮೊದಲ ಗೋರಿಗಳು ಕಾರವಾರದ ಎದುರಿಗಿನ ಈ ದ್ವೀಪದಲ್ಲಿವೆ ಎಂಬುದು ಮುಂಬಯಿಯ ಇತಿಹಾಸ ಬಲ್ಲವರಲ್ಲೂ ಎಷ್ಟೋ ಮಂದಿಗೆ ಹೊಸ ಸಂಗತಿ.

ಶಿವಾಜಿಯ ಮಗ ಸಂಭಾಜಿಯ ಕೈಗೆ ಸಿಗಬಾರದೆಂದು 1682ರಲ್ಲಿ ಪೋರ್ಚುಗೀಸರು ಮತ್ತೆ ಬಂದು ಕೋಟೆ ಕಟ್ಟಿದರು. ಅಂದಿನಿಂದ ದ್ವೀಪ ಅವರದ್ದಾಗಿಯೇ ಉಳಿಯಿತು. ದಂಡು, ಗಡೀಪಾರಾದ ಕೈದಿಗಳು, ಒಂದಿಷ್ಟು ಸಂಸಾರಗಳು. ಗಂಡಸರಿಗೆ ಮೀನು, ತರಕಾರಿ ತೋಟ. ಹೆಂಗಸರು ಹತ್ತಿನೂಲಿನ ಕಾಲುಚೀಲ ಹೆಣೆಯುತ್ತಿದ್ದರು. ಪೋರ್ಚುಗೀಸ್ ಸೀಮೆಯಲ್ಲೇ ಅವು ಉತ್ತಮವಾದವೆಂದು ಹೆಸರಾಗಿದ್ದವು. ಬಿಣಗಾದ ದಡದಿಂದ ಕಣ್ಣಿಗೆ ಕಾಣುವ ಊರು, ಆದರೆ ಬೇರೆ ದೇಶ. ಫೆಬ್ರವರಿ 2ಕ್ಕೆ ಊಟೆಗಳ ಮಾತೆಯ ಹಬ್ಬ, ಅಕ್ಟೋಬರ್ 4ಕ್ಕೆ ಸಂತ ಫ್ರಾನ್ಸಿಸನ ಹಬ್ಬ.

ಇಷ್ಟಾದರೂ ಇಲ್ಲಿಯ ಯಾವ ದ್ವೀಪಕ್ಕೂ ಯಾವತ್ತು ಬೇಕಾದರೂ ಹೋಗುವಂತಿರಲಿಲ್ಲ. ಪಂಚಾಂಗ ಹೇಳಬೇಕು, ಗಾಳಿ ಹೇಳಬೇಕು. ಜೂನ್ ಬಂತೆಂದರೆ ಅಳಿವೆಗಳಲ್ಲಿ ತೆರೆ ಮುರಿಯತೊಡಗುತ್ತದೆ, ದೋಣಿಗಳು ದಡ ಹತ್ತಿ ಮಡಲಿನ ಚಪ್ಪರದ ಕೆಳಗೆ ಸೇರುತ್ತವೆ. ಈಗಲೂ ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳ ಮೀನುಗಾರಿಕೆಗೆ ನಿಷೇಧ. ಉಳಿದ ತಿಂಗಳುಗಳಲ್ಲೂ ದಿನಕ್ಕೆ ಎರಡು ಸಲ ಭರತಿ, ಎರಡು ಸಲ ಇಳಿತ. ಅಮಾವಾಸ್ಯೆ ಹುಣ್ಣಿಮೆಗಳಿಗೆ ಭರತಿ ಜೋರು, ಅಷ್ಟಮಿ ನವಮಿಗಳಿಗೆ ಮಂದ. ಬೆಳಗಿನ ಹೊತ್ತು ನೆಲದ ಕಡೆಯಿಂದ ತಣ್ಣಗೆ ಗಾಳಿ ಬೀಸಿ ದೋಣಿಯನ್ನು ಹೊರಗೆ ಒಯ್ಯುತ್ತದೆ, ಮಧ್ಯಾಹ್ನದ ಮೇಲೆ ಸಮುದ್ರದ ಗಾಳಿ ಎದ್ದು ಒಳಗೆ ತರುತ್ತದೆ. ಹರಿಕಂತರು, ಖಾರ್ವಿಗಳು, ಗಾಬಿತರು, ಅಂಬಿಗರು ಈ ಲೆಕ್ಕವನ್ನು ಪುಸ್ತಕದಿಂದ ಕಲಿತವರಲ್ಲ. ನಸುಕಿಗೆ ಹೊರಟು ಸಂಜೆಯೊಳಗೆ ಮರಳಬೇಕೆಂಬ ಅವರ ಪದ್ಧತಿಗೆ ಕಾರಣವೇ ಈ ಗಾಳಿ.

ನೀರಿನ ಮೇಲಿನ ಇಂಥ ಪಯಣವನ್ನು ಚೆನ್ನಾಗಿ ಅನುಭವಿಸಿ ಬರೆದಿಟ್ಟವನು ಇಪ್ಪತ್ತೆರಡರ ಹರೆಯದ ರವೀಂದ್ರನಾಥ ಠಾಕೂರ. ಅಣ್ಣ ಸತ್ಯೇಂದ್ರನಾಥರು ಐ.ಸಿ.ಎಸ್. ಪಾಸಾದ ಮೊದಲ ಭಾರತೀಯ. ಅವರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ತಮ್ಮ ಬಂದು ಸಮುದ್ರದ ಮಗ್ಗುಲ ಬಂಗಲೆಯಲ್ಲಿ ಉಳಿದ. ಒಂದು ಬೆಳುದಿಂಗಳ ಸಂಜೆ ಅವರೆಲ್ಲ ಕಾಳಿನದಿಯಲ್ಲಿ ದೋಣಿ ಹತ್ತಿ ಮೇಲಕ್ಕೆ ಹೋದರು. ಶಿವಾಜಿಯ ಕಾಲದ ಗುಡ್ಡದ ಕೋಟೆಯೆಂದು ಹೇಳುತ್ತಿದ್ದ ಜಾಗದ ಕೆಳಗೆ ಇಳಿದು, ಒಬ್ಬ ರೈತನ ಸಾರಿಸಿದ ಅಂಗಳದಲ್ಲಿ ಕುಳಿತು ಊಟ ಮಾಡಿದರು. ಬರುವಾಗ ದೋಣಿಯನ್ನು ಹರಿವಿಗೆ ಬಿಟ್ಟರು. ಅಳಿವೆ ತಲುಪುವ ಹೊತ್ತಿಗೆ ರಾತ್ರಿ ಬಹಳವಾಗಿತ್ತು. ಸಮುದ್ರದ ಮೇಲೆ ದೋಣಿಯಲ್ಲಿ ಹೋಗುವುದು ಬಿಟ್ಟು, ಇಳಿದು ಮರಳಿನ ಮೇಲೆ ನಡೆದೇ ಮನೆ ಸೇರಿದರು. ‘ಪ್ರಕೃತಿರ್ ಪ್ರತಿಶೋಧ’ ನಾಟಕ ಹುಟ್ಟಿದ್ದು ಈ ವಾಸದಲ್ಲಿ. ಕಾರವಾರದ ಕಡಲತೀರಕ್ಕೆ ಇಂದು ರವೀಂದ್ರನಾಥರ ಹೆಸರಿದೆ. ಆದರೆ ಅವರು ಹೋದ ಹಾಗೆ ಬೆಳುದಿಂಗಳಲ್ಲಿ ಕಾಳಿಯ ಮೇಲೆ ಸಾಗಿ ಅಳಿವೆಗೆ ಬಂದು ಇಳಿಯುವ ಪಯಣವನ್ನು ಆ ತೀರಕ್ಕೆ ಬಂದವರಿಗೆ ತೋರಿಸುವವರಿಲ್ಲ.

ರವೀಂದ್ರರು ಕಂಡದ್ದು ದೊಡ್ಡ ಆಸೆ ಹೊತ್ತಿದ್ದ ಕಾರವಾರ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಧಾರವಾಡದ ಹತ್ತಿಯನ್ನು ಈ ಬಂದರಿಗೆ ಇಳಿಸುವ ಯೋಚನೆಯಿತ್ತು. ಅಮೆರಿಕದ ಅಂತರ್ಯುದ್ಧದಿಂದಾಗಿ ಹತ್ತಿಗೆ ಆಗ ಚಿನ್ನದ ಬೆಲೆ. ಬೈತಖೋಲದ ಕೊಲ್ಲಿ ಮಳೆಗಾಲದಲ್ಲೂ ಹಡಗಿಗೆ ಆಸರೆ ಕೊಡುವಂಥದ್ದು. ದೇವಗಡ ದ್ವೀಪದ ಮೇಲೆ ದೀಪಸ್ತಂಭ ಎದ್ದದ್ದೂ ಅದೇ ದಶಕದಲ್ಲಿ. ಘಟ್ಟದ ಮೇಲಿಂದ ಹತ್ತಿಯ ಗಾಡಿಗಳು ಇಳಿದವು. ಆದರೆ ಬರಬೇಕಿದ್ದ ರೈಲು ಬರಲಿಲ್ಲ. 1880ರ ದಶಕದ ಕೊನೆಗೆ ಹುಬ್ಬಳ್ಳಿ ಕಡೆಯ ರೈಲು ಗೋವೆಯ ಮೊರ್ಮುಗೋವಾಕ್ಕೆ ಹೋಗಿ ಸೇರಿತು, ಹತ್ತಿಯೂ ಅದರ ಹಿಂದೆ ಹೋಯಿತು. ಹುಬ್ಬಳ್ಳಿ–ಅಂಕೋಲಾ ರೈಲುದಾರಿ 1990ರ ದಶಕದಲ್ಲಿ ಮಂಜೂರಾದರೂ ಕಾಡಿನ ಪ್ರಶ್ನೆಗೆ ಸಿಕ್ಕು ಇಂದಿಗೂ ಅಂಕೋಲೆ ತಲುಪಿಲ್ಲ.

ರೈಲಿಲ್ಲದ ಈ ಕರಾವಳಿಗೆ ಉಗಿಹಡಗೇ ಹೆದ್ದಾರಿಯಾಯಿತು. ಮುಂಬಯಿಯಿಂದ ಹೊರಟ ಆಗಬೋಟು ರತ್ನಾಗಿರಿ, ಗೋವೆ ಮುಟ್ಟಿ ಕಾರವಾರಕ್ಕೆ ಬರುತ್ತಿತ್ತು. ಮಳೆಗಾಲದ ನಾಲ್ಕು ತಿಂಗಳು ಸಂಚಾರ ಬಂದ್. ಆಳ ಸಾಲದ ಬಂದರುಗಳಲ್ಲಿ ಹಡಗು ದೂರದಲ್ಲೇ ಲಂಗರು ಹಾಕುತ್ತಿತ್ತು. ದಡದಿಂದ ಮಚವೆ ದೋಣಿಯಲ್ಲಿ ಹೋಗಿ, ತೂಗುವ ಹಡಗಿನ ಪಕ್ಕಕ್ಕೆ ತಾಗಿ, ಟ್ರಂಕನ್ನು ಮೇಲಿನವರ ಕೈಗೆ ಕೊಟ್ಟು, ಏಣಿ ಹಿಡಿದು ಹತ್ತಬೇಕು. ಅಂಕೋಲೆ, ಕಾರವಾರ ಸೀಮೆಯ ಎಷ್ಟೋ ಮನೆಗಳ ಹುಡುಗರು ಮುಂಬಯಿಯ ಗಿರಣಿ, ಹೋಟೆಲು, ಕಾಲೇಜುಗಳಿಗೆ ಹೀಗೆ ಹೋದವರು. ‘ರಜೆಗೆ ಊರಿಗೆ ಬಾ’ ಎಂದು ಪತ್ರ ಬರೆಯುವ ತಂದೆ ಮೊದಲು ನೋಡಬೇಕಾಗಿದ್ದದ್ದು ಮೇ ಕೊನೆಯ ಹಡಗು ಯಾವತ್ತು ಎಂಬುದನ್ನು. ಅದು ತಪ್ಪಿದರೆ ಹುಬ್ಬಳ್ಳಿಯವರೆಗೆ ರೈಲು, ಅಲ್ಲಿಂದ ಘಟ್ಟ ಇಳಿಯುವ ದಾರಿ.

ಈ ಉಗಿಹಡಗುಗಳ ದಾರಿ ಅಂಜುದೀವದ ಪಕ್ಕದಲ್ಲೇ ಇತ್ತು. 1961ರ ನವೆಂಬರಿನಲ್ಲಿ ದ್ವೀಪದ ಪೋರ್ಚುಗೀಸ್ ದಂಡು ‘ಸಾಬರ್ಮತಿ’ ಹಡಗಿನ ಮೇಲೆ ಗುಂಡು ಹಾರಿಸಿತು, ಹಡಗಿನ ಇಂಜಿನಿಯರ್ ಗಾಯಗೊಂಡರು. ಅದೇ ತಿಂಗಳು ಮೀನು ಹಿಡಿಯುತ್ತಿದ್ದ ದೋಣಿಗಳ ಮೇಲೂ ಗುಂಡು ಬಿತ್ತು, ಒಬ್ಬ ಮೀನುಗಾರ ಸತ್ತ. ಗೋವಾ ವಿಮೋಚನೆಗೆ ಹತ್ತಿದ ಕಿಡಿಗಳಲ್ಲಿ ಇದೂ ಒಂದು. ಡಿಸೆಂಬರ್ 18ರಂದು ‘ಐ.ಎನ್.ಎಸ್. ತ್ರಿಶೂಲ್’ನಿಂದ ನೌಕಾಪಡೆಯ ತುಕಡಿ ದ್ವೀಪದಲ್ಲಿ ಇಳಿಯಿತು. ಬಿಳಿ ಬಾವುಟ ಕಂಡು ಮುಂದೆ ಹೋದವರ ಮೇಲೆ ಗುಂಡಿನ ಮಳೆಯಾಯಿತು. ಏಳು ಮಂದಿ ನಾವಿಕರು ಪ್ರಾಣ ಕೊಟ್ಟರು. ದ್ವೀಪ ಭಾರತದ್ದಾಯಿತು. ಆಡಳಿತಕ್ಕೆ ಇಂದಿಗೂ ಅದು ಗೋವೆಯ ಕಾಣಕೋಣ ತಾಲೂಕಿಗೆ ಸೇರಿದೆ.

ಇನ್ನು ರಸ್ತೆಯ ಕಥೆ. 1801ರಲ್ಲಿ ಪ್ರವಾಸಿ ಫ್ರಾನ್ಸಿಸ್ ಬುಕಾನನ್ ಗೋಕರ್ಣ, ಅಂಕೋಲೆ, ಕಾರವಾರಗಳನ್ನು ಹಾದುಹೋದಾಗ ಇದ್ದ ವ್ಯವಸ್ಥೆಗೂ ನೂರೈವತ್ತು ವರ್ಷಗಳ ಆಮೇಲಿನ ವ್ಯವಸ್ಥೆಗೂ ಮೂಲದಲ್ಲಿ ಹೆಚ್ಚಿನ ಫರಕಿರಲಿಲ್ಲ: ನದಿ ಬಂತು, ಇಳಿ, ತಾರಿಯವನನ್ನು ಕೂಗು, ದಾಟು. ಮೋಟಾರು ಬಂದ ಮೇಲೆ ಎರಡು ದೋಣಿ ಜೋಡಿಸಿ ಹಲಗೆ ಹಾಸಿದ ಜಂಗಲ್ ಬಂತು, ಆಮೇಲೆ ಲಾಂಚು. ಕೋಡಿಬಾಗದಲ್ಲಿ ಬಸ್ಸು ಇಳಿದು, ಲಾಂಚಿನಲ್ಲಿ ಕಾಳಿ ದಾಟಿ, ಸದಾಶಿವಗಡದಲ್ಲಿ ಇನ್ನೊಂದು ಬಸ್ಸು ಹಿಡಿದವರು ಈಗಲೂ ಇದ್ದಾರೆ. ಆ ಲಾಂಚಿಗಾಗಿ ಕಾಯುವ ಅರ್ಧ ತಾಸಿನಲ್ಲಿ ಊರ ಸುದ್ದಿಯೆಲ್ಲ ಕೈ ಬದಲಾಗುತ್ತಿತ್ತು. ಮೀನಿನ ಬುಟ್ಟಿಯ ಹೆಂಗಸರು, ಕೋರ್ಟಿಗೆ ಹೊರಟ ಕಕ್ಷಿದಾರರು, ಶಾಲೆಯ ಮಕ್ಕಳು ಒಂದೇ ಹಲಗೆಯ ಮೇಲೆ. ದಿನಾ ನೀರಿನ ಮೇಲೆ ಹೋಗಿಬರುವ ಈ ಜನ ಸಮುದ್ರವನ್ನು ಹೆದರದೆ, ಆದರೆ ಎಚ್ಚರದಿಂದ ನೋಡುತ್ತಿದ್ದರು. ಯಾವ ದೋಣಿಗೆ ಎಷ್ಟು ಜನ ಹಿಡಿಸುತ್ತದೆ, ಯಾವ ಹೊತ್ತಿಗೆ ಅಳಿವೆಗೆ ಹೋಗಬಾರದು ಎಂಬುದು ಶಾಲೆಯ ಹುಡುಗನಿಗೂ ಗೊತ್ತಿತ್ತು.

1980ರ ದಶಕದ ಆರಂಭದಲ್ಲಿ ಕಾಳಿಗೆ ಸೇತುವೆಯಾಯಿತು. 1998ರ ಜನವರಿ 26ರಿಂದ ಕೊಂಕಣ ರೈಲು ಪೂರ್ತಿ ಓಡತೊಡಗಿತು. ಹೆದ್ದಾರಿ ಅಗಲವಾಗಿ ಚತುಷ್ಪಥವಾಯಿತು, ಕಾರವಾರ–ಬಿಣಗಾ ನಡುವೆ ಗುಡ್ಡ ಕೊರೆದು ಸುರಂಗವೂ ಬಂತು. ಇವೆಲ್ಲ ಬೇಕಿತ್ತು. ಆಸ್ಪತ್ರೆಗೆ ಹೊರಟ ಬಸುರಿ ಹೆಂಗಸು ಕಾಳಿಯ ದಡದಲ್ಲಿ ಲಾಂಚಿಗೆ ಕಾಯಬೇಕಾದ ಕಾಲ ಮತ್ತೆ ಬರಬಾರದು. ಆದರೆ ಸೇತುವೆಯ ಜೊತೆಗೆ ಆಗಬೋಟು ಹೋಯಿತು, ಲಾಂಚು ಹೋಯಿತು, ತಾರಿಯ ಧಕ್ಕೆಗಳು ಖಾಲಿಯಾದವು. ನೀರಿನ ಮೇಲಿನ ಸಾರ್ವಜನಿಕ ಸಂಚಾರವೆಂಬುದೇ ಬಹುಮಟ್ಟಿಗೆ ಇಲ್ಲವಾಗಿ, ಸಮುದ್ರ ಮೀನುಗಾರರದ್ದು ಮತ್ತು ಪ್ರವಾಸಿಗಳದ್ದು ಮಾತ್ರವಾಯಿತು.

ಅಂಜುದೀವಕ್ಕೆ ಬಂದದ್ದು ಇನ್ನೂ ದೊಡ್ಡ ಬದಲಾವಣೆ. 1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲಿಟ್ಟರು. ಬಿಣಗಾ, ಅರಗಾ, ಚೆಂಡಿಯಾ, ತೋಡೂರು, ಅಮದಳ್ಳಿಯಿಂದ ಅಂಕೋಲೆ ತಾಲೂಕಿನ ಹಾರವಾಡದವರೆಗಿನ ಊರುಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ದೋಣಿ ನಿಲ್ಲಿಸುವ ದಡ ಬಿಟ್ಟುಕೊಟ್ಟವು. ಅವರ ಪರಿಹಾರದ ಮೊಕದ್ದಮೆಗಳು ದಶಕಗಟ್ಟಲೆ ನಡೆದವು. 2005ರ ಮೇ 31ರಂದು ‘ಐ.ಎನ್.ಎಸ್. ಕದಂಬ’ ಕಾರ್ಯಾರಂಭ ಮಾಡಿತು. ನೌಕಾನೆಲೆಗೆ ಅಲೆಯ ತಡೆ ಬೇಕಿತ್ತು. ಬಿಣಗಾ ಗುಡ್ಡದ ತುದಿಯಿಂದ ಸಮುದ್ರಕ್ಕೆ ಬಂಡೆ ತುಂಬಿ ಕಟ್ಟಿದ ತಡೆಗೋಡೆ ನೇರವಾಗಿ ಅಂಜುದೀವವನ್ನು ಮುಟ್ಟಿತು. ಇಬ್ನ್ ಬತೂತ, ವಾಸ್ಕೊ ಡ ಗಾಮ ಹಡಗಿನಲ್ಲಿ ಬಂದ ದ್ವೀಪಕ್ಕೆ ಈಗ ಕಾಲಿನಲ್ಲೇ ಹೋಗುವ ದಾರಿ ಇದೆ. ಹೋಗುವಂತಿಲ್ಲ. ದ್ವೀಪದಲ್ಲಿದ್ದ ಸಂಸಾರಗಳು ಹೊರಬಂದವು, ಹಬ್ಬಕ್ಕೆ ಇಗರ್ಜಿಗೆ ಹೋಗುವ ರೂಢಿಯೂ ನಿಂತಿತು. ದೇಶರಕ್ಷಣೆಯ ಅಗತ್ಯವನ್ನು ಕಾರವಾರದವರು ಒಪ್ಪಿಕೊಂಡೇ ನೆಲ ಕೊಟ್ಟದ್ದು. ಆದರೂ ಐದು ಶತಮಾನಗಳ ಇಗರ್ಜಿಗೆ ವರ್ಷಕ್ಕೆ ಎರಡು ದಿನ, ನೌಕಾಪಡೆಯ ಕಾವಲಿನಲ್ಲೇ ಆಗಲಿ, ಭಕ್ತರನ್ನು ಬಿಡುವ ದಾರಿಯೊಂದನ್ನು ಹುಡುಕಬೇಕು.

ಹಾಗೆ ಹುಡುಕಿದ ಉದಾಹರಣೆ ಜಗತ್ತಿನಲ್ಲಿ ಇಲ್ಲದಿಲ್ಲ. ಸ್ಕಾಟ್ಲೆಂಡಿನ ಪಶ್ಚಿಮಕ್ಕೆ, ಹೆಬ್ರಿಡೀಸ್ ದ್ವೀಪಗಳಿಂದಲೂ ಅರವತ್ತು ಕಿ.ಮೀ. ಆಚೆಗೆ ಸೇಂಟ್ ಕಿಲ್ಡಾ ಎಂಬ ದ್ವೀಪವಿದೆ. ಅಲ್ಲಿ ಕೊನೆಗೆ ಉಳಿದಿದ್ದ 36 ಮಂದಿ ಇನ್ನು ಬದುಕುವುದು ಸಾಧ್ಯವಿಲ್ಲವೆಂದು ತಾವೇ ಸರ್ಕಾರಕ್ಕೆ ಬರೆದುಕೊಂಡು, 1930ರ ಆಗಸ್ಟ್ 29ರಂದು ಹಡಗು ಹತ್ತಿ ಹೊರಟರು. ಹೊರಡುವ ಬೆಳಗ್ಗೆ ಒಂದೊಂದು ಮನೆಯಲ್ಲೂ ತೆರೆದ ಬೈಬಲ್ ಮತ್ತು ಒಂದು ಸಣ್ಣ ರಾಶಿ ಓಟ್ಸ್ ಇಟ್ಟು ಬಾಗಿಲು ಹಾಕಿದರು. 1957ರಲ್ಲಿ ಅಲ್ಲಿಗೂ ಸೈನ್ಯದ ರೇಡಾರ್ ಕೇಂದ್ರ ಬಂತು. ಅದೇ ವರ್ಷ ದ್ವೀಪ ಅಲ್ಲಿಯ ರಾಷ್ಟ್ರೀಯ ನ್ಯಾಸದ ಕೈಸೇರಿ, ಬಿದ್ದ ಮನೆಗಳನ್ನು ಕಾಯುವ ಕೆಲಸ ಶುರುವಾಯಿತು. ಇಂದು ಬೇಸಗೆಯಲ್ಲಿ, ಸಮುದ್ರ ಒಪ್ಪಿದ ದಿನ, ಜನ ದೋಣಿಯಲ್ಲಿ ಹೋಗಿ ಆ ಊರನ್ನು ನೋಡಿ ಬರುತ್ತಾರೆ. ಸೈನ್ಯದ ಕೇಂದ್ರವೂ ಇದೆ, ಪ್ರವಾಸಿಗಳೂ ಇದ್ದಾರೆ. ಆ ದ್ವೀಪಸೀಮೆಯಲ್ಲಿ ತಿರುಗಲು ಹೊರಟವರು ಈಗಲೂ ಕಾರಿನ ದಾರಿಗಿಂತ ಮೊದಲು ಫೆರಿಯ ವೇಳಾಪಟ್ಟಿ ನೋಡುತ್ತಾರೆ. 1773ರಲ್ಲಿ ಲೇಖಕರಾದ ಡಾಕ್ಟರ್ ಜಾನ್ಸನ್ ಮತ್ತು ಬಾಸ್ವೆಲ್ ಮಲ್ ದ್ವೀಪಕ್ಕೆ ಹೊರಟು, ಬಿರುಗಾಳಿಗೆ ಸಿಕ್ಕು ಕಾಲ್ ದ್ವೀಪದಲ್ಲಿ ದಿನಗಟ್ಟಲೆ ಸಿಲುಕಿದ ಸೀಮೆಯದು. ಅಲ್ಲಿ ಕೆಲವೆಡೆ ಸೇತುವೆಗಳು ಬಂದರೂ ಫೆರಿ ಸೇವೆ ನಿಲ್ಲಲಿಲ್ಲ, ಏಕೆಂದರೆ ಸರ್ಕಾರ ಅದನ್ನು ರಸ್ತೆಯಷ್ಟೇ ಜರೂರಿನ ಸೇವೆಯೆಂದು ಹಣ ಕೊಟ್ಟು ನಡೆಸಿತು.

ಕಾರವಾರದಲ್ಲಿ ಹಳೆಯ ದ್ವೀಪಯಾತ್ರೆಯ ಕ್ರಮ ಪೂರ್ತಿ ಜೀವಂತವಾಗಿ ಉಳಿದಿರುವುದು ವರ್ಷದಲ್ಲಿ ಒಂದೇ ದಿನ: ಪುಷ್ಯದ ಹುಣ್ಣಿಮೆ, ಕೂರ್ಮಗಡದ ನರಸಿಂಹ ದೇವರ ಜಾತ್ರೆ. ಕಡವಾಡದಿಂದ ದೇವರ ಮೂರ್ತಿ ದೋಣಿಯಲ್ಲಿ ದ್ವೀಪಕ್ಕೆ ಬರುತ್ತದೆ. ಕೋಡಿಬಾಗ, ಬೈತಖೋಲದ ಕಡೆಯಿಂದ ಮೀನುಗಾರರು ಬೋಟುಗಳಿಗೆ ಹೂವು, ಬಾವುಟ, ಬಾಳೆ ಕಟ್ಟಿಕೊಂಡು ಹೊರಡುತ್ತಾರೆ. ವರ್ಷವಿಡೀ ಸಮುದ್ರದಲ್ಲಿ ಕಾಪಾಡಿದ ದೇವರಿಗೆ ಅವರ ಹರಕೆ ಬಾಳೆಗೊನೆ. ಹೆಗಲ ಮೇಲೆ ಇಡೀ ಗೊನೆ ಹೊತ್ತುಕೊಂಡು ಬಂಡೆಗಳ ನಡುವೆ ಹತ್ತುವ ಸಾಲು ನೋಡಬೇಕಾದದ್ದು. ದ್ವೀಪದ ದಡದಲ್ಲಿ ಕಲ್ಲುಬಂಡೆಗಳೇ ಇರುವುದರಿಂದ ದೊಡ್ಡ ಬೋಟು ಹತ್ತಿರ ಹೋಗಲಾರದು, ಸಣ್ಣ ದೋಣಿಗೆ ಇಳಿದು, ತೆರೆ ಏರಿದ ಹೊತ್ತು ನೋಡಿ ಬಂಡೆಗೆ ಕಾಲಿಡಬೇಕು. ಕೈ ಹಿಡಿದು ಎಳೆದುಕೊಳ್ಳಲು ಮೇಲೆ ಇಬ್ಬರು ನಿಂತಿರುತ್ತಾರೆ. ದರ್ಶನ ಮುಗಿಸಿ, ಹಳೆಯ ಕೋಟೆಯ ಗೋಡೆ ನೋಡಿ, ಸಂಜೆಯೊಳಗೆ ಎಲ್ಲರೂ ಇಳಿಯಬೇಕು. ಜಾತ್ರೆ ಹುಣ್ಣಿಮೆಗೆ ಬಿದ್ದಿರುವುದರಿಂದ ಭರತಿ ಇಳಿತ ಎರಡೂ ಜೋರಾಗಿರುವ ದಿನವದು.

2019ರ ಜನವರಿ 21ರ ಜಾತ್ರೆಯ ಮಧ್ಯಾಹ್ನ, ಕೂರ್ಮಗಡದಿಂದ ಮರಳುತ್ತಿದ್ದ ಒಂದು ದೋಣಿ ಮಗುಚಿ 16 ಮಂದಿ ಸತ್ತರು. ಅವರಲ್ಲಿ ಮಕ್ಕಳಿದ್ದರು. ಘಟ್ಟದ ಮೇಲಿನ ಜಿಲ್ಲೆಗಳಿಂದ ಬಂದು, ಜಾತ್ರೆ ನೋಡಲು ಹೊರಟ ಒಂದೇ ಮನೆಯವರಿದ್ದರು. ಸಣ್ಣ ದೋಣಿಯಲ್ಲಿ ಮೂವತ್ತಕ್ಕೂ ಹೆಚ್ಚು ಜನ ಕುಳಿತಿದ್ದರು. ದೊಡ್ಡ ತೆರೆ ಬಡಿದಾಗ ಎಲ್ಲರೂ ಒಂದೇ ಕಡೆ ಸರಿದರೆ ಏನಾಗುತ್ತದೆ ಎಂಬುದನ್ನು ಬಲ್ಲವರು ಅದರಲ್ಲಿ ಎಷ್ಟು ಮಂದಿ ಇದ್ದಿರಬಹುದು? ತಾರಿಯ ಕಾಲದಲ್ಲಿ ಇಡೀ ಕರಾವಳಿಗೆ ಬಾಯಿಪಾಠವಾಗಿದ್ದ ತಿಳಿವಳಿಕೆ ಅದು. ಬಯಲುಸೀಮೆಯವರಿಗೆ ಅದು ತಿಳಿಯದಿದ್ದದ್ದು ಅವರ ತಪ್ಪಲ್ಲ. ತಿಳಿಸುವ, ತಡೆಯುವ, ಜಾಕೆಟ್ ತೊಡಿಸುವ ವ್ಯವಸ್ಥೆ ದಡದಲ್ಲಿ ಇರಬೇಕಿತ್ತು. ಆ ದುರಂತದ ನಂತರ ಜಾತ್ರೆಯ ದಿನ ಜೀವರಕ್ಷಕ ಜಾಕೆಟ್ಟು, ದೋಣಿಯ ಮಿತಿ, ಕರಾವಳಿ ಕಾವಲು ಪೊಲೀಸರ ಗಸ್ತು ಬಿಗಿಯಾಗಿವೆ.

ಉಳಿದ 364 ದಿನಗಳ ಮಾತೇನು? ಇಂದು ಕಾರವಾರ–ಅಂಕೋಲಾ ಕಡೆ ಕಾರಿನಲ್ಲಿ ಬರುವ ಕುಟುಂಬ ಹೆದ್ದಾರಿಯನ್ನೇ ನಂಬಿ ಯೋಜನೆ ಹಾಕುತ್ತದೆ. ಹೆದ್ದಾರಿಯೂ ಪ್ರಕೃತಿಯನ್ನು ಗೆದ್ದಿಲ್ಲ. 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ರಸ್ತೆ ಬದಿಯ ಚಹಾದಂಗಡಿಯನ್ನೂ ಅಲ್ಲಿದ್ದವರನ್ನೂ ಲಾರಿಗಳನ್ನೂ ಗಂಗಾವಳಿಗೆ ನೂಕಿತು. ಮೂರು ವಾರ ಕಳೆದು, ಆಗಸ್ಟ್ 7ರ ನಡುರಾತ್ರಿ, ಕಾಳಿಯ ಹಳೆಯ ಸೇತುವೆ ಮುರಿದು ಬಿತ್ತು. ಲಾರಿಯೊಂದು ನದಿಗೆ ಬಿದ್ದಾಗ ಕತ್ತಲಲ್ಲಿ ಚಾಲಕನನ್ನು ಎತ್ತಿ ಉಳಿಸಿದವರಲ್ಲಿ ಸ್ಥಳೀಯ ಮೀನುಗಾರರಿದ್ದರು. ಸೇತುವೆ ಬೀಳುವ ರಾತ್ರಿಯಲ್ಲೂ ಕೆಲಸಕ್ಕೆ ಬಂದದ್ದು ದೋಣಿ ಬಲ್ಲ ಕೈಗಳೇ.

ಆ ಕೈಗಳಿಗೆ ಕೆಲಸ ಕೊಡುವ ದಾರಿ ಕಣ್ಣೆದುರಿಗಿದೆ. ಅಕ್ಟೋಬರಿನಿಂದ ಮೇವರೆಗೆ ಕೂರ್ಮಗಡಕ್ಕೂ ದೇವಗಡಕ್ಕೂ ಪರವಾನಗಿ ಪಡೆದ ದೋಣಿಗಳು, ದಡದಲ್ಲಿ ಅಂದಂದಿನ ಭರತಿ ಇಳಿತದ ಹೊತ್ತು ಬರೆದ ಫಲಕ, ಒಂದು ದೋಣಿಗೆ ಎಷ್ಟು ಜನ ಎಂಬ ದಪ್ಪ ಅಕ್ಷರದ ಅಂಕಿ, ಗಾಳಿ ಎದ್ದ ದಿನ ‘ಇಂದು ಹೊರಡುವುದಿಲ್ಲ’ ಎಂದು ಹೇಳುವ ಅಧಿಕಾರವಿರುವ, ದೋಣಿ ನಡೆಸಿ ಪಳಗಿದ ಒಬ್ಬ ಹಿರಿಯ ತಾಂಡೇಲ. ಇದಕ್ಕೆ ಸೇತುವೆಯಷ್ಟು ಖರ್ಚಿಲ್ಲ. ಮುರ್ಡೇಶ್ವರದಿಂದ ನೇತ್ರಾಣಿಗೆ ನೀರೊಳಗಿನ ಈಜಿಗೆಂದು ಜನರನ್ನು ಒಯ್ಯುವವರು ಋತು ನೋಡಿ, ಜಾಕೆಟ್ ತೊಡಿಸಿ, ಮಳೆಗಾಲದಲ್ಲಿ ಮುಚ್ಚಿ ನಡೆಸಬಲ್ಲರೆಂದರೆ ಕಾರವಾರಕ್ಕೆ ಅದು ಅಸಾಧ್ಯವಲ್ಲ. ಸೀಬರ್ಡಿಗೆ ದಡ ಬಿಟ್ಟುಕೊಟ್ಟ ಊರುಗಳ ಹುಡುಗರಿಗೇ ಈ ದೋಣಿಗಳ ಪರವಾನಗಿ ಮೊದಲು ಸಿಗಬೇಕು. ಅಂಜುದೀವದ ಸುತ್ತಲಿನ ನೀರನ್ನು ಅವರ ಅಜ್ಜಂದಿರಷ್ಟು ಬಲ್ಲವರು ಬೇರೆ ಇರಲಿಲ್ಲ.